ಕೈ ಆಡುತ್ತದೆ ಎಂಬ ಮಾತು

ಪ್ಲವಂಗ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ
ಕ್ರಿ.ಶ. 2147
ಮಹಾಲಿಂಗಪುರ

ಬಾಳವ್ವ ಆಯಿಗೆ, ಕಾಡಪ್ಪ ಮುತ್ತ್ಯಾನಿಗೆ, ಸುಮಿತ್ರಾ ಮುತ್ತಜ್ಜಿಗೆ, ಹಾಗೂ ಇನ್ನೂ ಐದು ತುಂಬದ ಕಸ್ತೂರಿಗೆ ತಂಗೆವ್ವ ಮಾಡುವ ನಮಸ್ಕಾರಗಳು.

ಬಾಳವ್ವ ಆಯಿ, ತಲೆಯ ಮೇಲಿನ ಹೊಲಿಗೆ ಒಣಗಿತೇ? ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಇಟ್ಟಿರುವ ಪೆಟ್ಟಿಗೆ ಮಗ್ಗುಲು ಬದಲಿಸುವಾಗ ಒತ್ತುತ್ತದೆಯೇ? ಕಾಡಪ್ಪ ಮುತ್ತ್ಯಾನ ಸೊಂಟ ಹೇಗಿದೆ? ಸುಮಿತ್ರಾ ಮುತ್ತಜ್ಜಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ, ಅತ್ತೆಯ ಗುಳಿಗೆಯ ಹೊತ್ತು ಕಾಯುವುದರಲ್ಲಿ ತನ್ನ ಊಟ ಮರೆಯುತ್ತಾಳೋ? ಕಸ್ತೂರಿಗೆ ನೆಗಡಿ ಬಿಟ್ಟಿತೇ? ನಾವು ಇಲ್ಲಿ ಕ್ಷೇಮವಾಗಿದ್ದೇವೆ. ನನ್ನ ಗಂಡ ಗುರುಪಾದಪ್ಪನವರೂ ಕ್ಷೇಮ. ಅವರ ಹೆಸರನ್ನು ಹೀಗೆ ಬರೆದೆನೆಂದು ಆಯಿ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುವುದು ಬೇಡ. ಈಗ ನಾವು ಗಂಡನ ಹೆಸರು ಹೇಳುತ್ತೇವೆ. ಬೈಯುವಾಗ ಇನ್ನೂ ಸ್ಪಷ್ಟವಾಗಿ ಹೇಳುತ್ತೇವೆ.

ನಾನು ಯಾರೆಂದು ತಿಳಿಸದೆ ಸಲಿಗೆಯಿಂದ ಮಾತಿಗೆ ಇಳಿದುಬಿಟ್ಟೆ. ನಿಮ್ಮ ಮನೆಯ ಕಸ್ತೂರಿ ದೊಡ್ಡವಳಾಗಿ, ಅವಳಿಗೊಬ್ಬ ಮಗಳು ಹುಟ್ಟಿ, ಆ ಮಗಳಿಗೆ ಹುಟ್ಟಿದವಳು ನಾನು. ಎಂದರೆ ಅಂಗಳದಲ್ಲಿ ಮೂಗು ಸುರಿಸಿಕೊಂಡು ಓಡಾಡುವ ಆ ಹುಡುಗಿ ಎಪ್ಪತ್ತು ವರ್ಷದ ನನಗೆ ಅಜ್ಜಿ. ಬಾಳವ್ವ ಆಯಿ, ನೀವು ನನ್ನ ಅಜ್ಜಿಯ ಅಜ್ಜಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹೆಸರು ಒಂದೇ ಆಗಿರುವ ಸಂವತ್ಸರಗಳ ನಡುವೆ ಮಾತ್ರ ಓಡುವ ಅಂಚೆ ಇದು. ನಿಮ್ಮಲ್ಲೂ ಈಗ ಪ್ಲವಂಗ, ನಮ್ಮಲ್ಲೂ ಪ್ಲವಂಗ, ನಡುವೆ ಅರವತ್ತರ ಚಕ್ರ ಎರಡು ಸುತ್ತು ತಿರುಗಿದೆ. ಅದು ಹೇಗೆ ಓಡುತ್ತದೆ ಎಂದು ಕೇಳಬೇಡಿ, ನನಗೂ ತಿಳಿಯದು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಈಗ ಶಾಲೆಯಲ್ಲಿ ಕೈಬರಹ ಕಲಿಸುವುದಿಲ್ಲ. ಹಳೆಯ ಅಂಗಡಿಗಳ ಫಲಕ, ಬೆಲ್ಲದ ಚೀಲಗಳ ಮೇಲಿನ ಅಚ್ಚು ನೋಡಿ ನೋಡಿ ನಾನೇ ಅಕ್ಷರ ತಿದ್ದಿದವಳು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಎತ್ತಿಕೊಂಡು ಓದಿ.

ಊರಿನ ಸುದ್ದಿ ಹೇಳುತ್ತೇನೆ. ಮಹಾಲಿಂಗಪುರದಲ್ಲಿ ಇಂದಿಗೂ ಬೆಲ್ಲವೇ ದೊಡ್ಡದು. ಕಬ್ಬು ಮಾತ್ರ ನಿಮ್ಮ ಕಾಲದ್ದಲ್ಲ. ಎದೆಯೆತ್ತರಕ್ಕೆ ನಿಂತುಬಿಡುವ ಗಿಡ್ಡ ಕಬ್ಬು, ನೀರು ಕಡಿಮೆ ಕುಡಿಯುತ್ತದೆ. ಗಾಣದ ಮನೆಗಳಲ್ಲಿ ಬೆಂಕಿ ಇಲ್ಲ. ಮಾಳಿಗೆಯ ಮೇಲಿನ ಕನ್ನಡಿಗಳು ಬಿಸಿಲನ್ನು ಹಿಡಿದು ಕೊಪ್ಪರಿಗೆಯ ತಳಕ್ಕೆ ಇಳಿಸುತ್ತವೆ. ಅದಕ್ಕೆ ಬಿಸಿಲೊಲೆ ಎನ್ನುತ್ತೇವೆ. ಮೋಡ ಮುಚ್ಚಿದ ದಿನ ಪಾಕ ಏಳುವುದಿಲ್ಲ, ಆಗ ಎಲ್ಲರೂ ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಬೈಯುತ್ತಾರೆ. ಆ ಪದ್ಧತಿ ನಿಮ್ಮಿಂದಲೇ ಬಂದಿರಬೇಕು. ಹೊತ್ತು ಏರಿದ ಮೇಲೆ ಬೀದಿಯಲ್ಲಿ ನಾಯಿ ಕೂಡ ತಿರುಗುವುದಿಲ್ಲ, ಅಷ್ಟು ಬಿಸಿಲು. ಆದ್ದರಿಂದ ಪೇಟೆಯಲ್ಲಿ ಬೆಲ್ಲದ ಹರಾಜಿನ ಸವಾಲು ನಡೆಯುವುದು ನಸುಕಿನಲ್ಲಿ. ಸವಾಲು ಕೂಗಲು ಒಮ್ಮೆ ಯಂತ್ರ ತಂದಿದ್ದರು. ಅದು ಸರಿಯಾಗಿಯೇ ಕೂಗುತ್ತಿತ್ತು, ಆದರೆ ಅದರೊಡನೆ ಜಗಳ ಆಡಲು ಬರುವುದಿಲ್ಲವೆಂದು ವ್ಯಾಪಾರಿಗಳು ಪೇಟೆಗೆ ಬರುವುದನ್ನೇ ಬಿಟ್ಟರು. ಒಂದು ಹಂಗಾಮಿಗೆ ಯಂತ್ರ ಹೋಯಿತು, ಮತ್ತೆ ಮನುಷ್ಯರು ಬಂದರು. ಹಾಗೆ ಬಂದವರು ಗುರುಪಾದಪ್ಪನವರು.

ಸವಾಲು ಕೂಗುವುದೆಂದರೆ ಬರೀ ಕೂಗುವುದಲ್ಲ. ಬೆಲ್ಲದ ಪೆಂಟಿಗಳ ಸಾಲಿನ ಮುಂದೆ ಸರಸರನೆ ನಡೆಯಬೇಕು, ಕೈ ಎತ್ತಿ ಒಂದನೇ ಸಾರಿ ಎರಡನೇ ಸಾರಿ ಎನ್ನಬೇಕು, ಯಾರ ಹುಬ್ಬು ಹಾರಿತು, ಯಾರು ಕೆಮ್ಮಿದರು ಎಂದು ನೋಡಬೇಕು, ನಡುವೆ ಒಬ್ಬರನ್ನು ಕೆಣಕಬೇಕು. ಸವಾಲಿನವನಿಗೆ ಕೈ ಆಡಬೇಕು, ಕಾಲು ಆಡಬೇಕು, ಬಾಯಿ ಆಡಬೇಕು ಎಂದು ಪೇಟೆಯ ಮಾತು. ಇವರಿಗೆ ಮೂರೂ ಆಡುತ್ತಿದ್ದವು. ಎಂಟು ವರ್ಷದ ಹಿಂದೆ ಎಡಗೈ ಸುಮ್ಮನೆ ಕುಳಿತಾಗಲೂ ನಡುಗತೊಡಗಿತು. ಪಾರ್ಕಿನ್ಸನ್. ಹೆಸರು ಇಂದಿಗೂ ಅದೇ. ನಿಮ್ಮ ರಕ್ತದಿಂದ ಬಂತೆಂದು ನೊಂದುಕೊಳ್ಳಬೇಡಿ ಆಯಿ. ಅವರು ನಾನು ಹೊರಗಿನಿಂದ ತಂದ ಗಂಡ.

ಈ ರೋಗದ ಬೇರು ಕೀಳಲು ನಮಗೂ ಆಗಿಲ್ಲ, ಅದು ಹಬ್ಬುವ ವೇಗ ಮಾತ್ರ ತಗ್ಗಿದೆ. ನಿಮ್ಮಂತೆ ಎದೆಯಲ್ಲಿ ಪೆಟ್ಟಿಗೆ, ಕುತ್ತಿಗೆಯೊಳಗೆ ತಂತಿ ಈಗಿಲ್ಲ. ಕಿವಿಯ ಹಿಂದಿನ ಎಲುಬಿನಲ್ಲಿ ಹುಣಸೆಬೀಜದಷ್ಟು ಗಾತ್ರದ ಒಂದು ವಸ್ತು ಇರುತ್ತದೆ, ಹೆಸರು ಮಿಡಿಬೀಜ. ಅದರಿಂದ ಒಂದು ಎಳೆ ಮಿದುಳಿನ ಆಳಕ್ಕೆ, ನಿಮಗೆ ತಂತಿ ಇಳಿಸಿರುವಂಥ ಜಾಗಕ್ಕೇ ಹೋಗಿ ಸಣ್ಣಸಣ್ಣ ಮಿಡಿತ ಕೊಡುತ್ತದೆ. ಆ ಮಿಡಿತ ಎಷ್ಟು ಬಿರುಸು, ಎಷ್ಟು ಬೇಗ ಬೇಗ, ಒಂದೊಂದೂ ಎಷ್ಟು ಉದ್ದ ಎಂಬುದಕ್ಕೆ ನಿಮ್ಮ ಡಾಕ್ಟರು ಸೆಟಿಂಗ್ ಎನ್ನುತ್ತಾರಂತೆ. ನಾವು ಹದ ಎನ್ನುತ್ತೇವೆ. ಬೆಲ್ಲದ ಊರಿನವರಿಗೆ ಹದ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಪಾಕ ಎಳೆಯದಾಗಿದ್ದರೆ ಪೆಂಟಿ ಕಟ್ಟುವುದಿಲ್ಲ, ಹೆಚ್ಚು ಕಾದರೆ ಕರಿಕು. ಹಾಗೆಯೇ ಮಿಡಿತ ಕಡಿಮೆಯಾದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಹೆಚ್ಚಾದರೆ ನಡುಕವೇನೋ ನಿಲ್ಲುತ್ತದೆ, ಆದರೆ ಮಿಡಿತ ಪಕ್ಕದ ಓಣಿಗೂ ಹರಿದು ಮಾತು ತೊದಲುತ್ತದೆ, ಕಾಲು ನೆಲ ಬಿಡುವುದಿಲ್ಲ. ಬೇಗ ಬೇಗ ಮಿಡಿದರೆ ನಡುಕಕ್ಕೆ ಒಳ್ಳೆಯದು, ಕೆಲವರ ನಡಿಗೆಗೆ ನಿಧಾನವೇ ಒಳ್ಳೆಯದು. ಒಬ್ಬರ ಹದ ಇನ್ನೊಬ್ಬರದಲ್ಲ.

ಹದ ಕೂಡಿಸುವವಳು ಹದಗಾರ್ತಿ. ಅವಳು ಒಂದು ಗಡಿ ಹಾಕಿಕೊಟ್ಟರೆ ಅದರೊಳಗೆ ದಿನದಿನದ ಸಣ್ಣ ಹೆಚ್ಚುಕಡಿಮೆಯನ್ನು ಬೀಜ ತಾನೇ ಮಾಡಿಕೊಳ್ಳುತ್ತದೆ. ಅದಕ್ಕಾಗಿ ಮುಂಜಾನೆ ಮನೆಯಲ್ಲಿ ಒಂದು ದನಿ ಎದ್ದು ವಿಚಾರಿಸುತ್ತದೆ, ಅದು ಕೇಳುದನಿ. ಕೈ ನಡುಗುವುದು ಬೀಜಕ್ಕೆ ಕೇಳದೆಯೂ ಗೊತ್ತಾಗುತ್ತದೆ. ಆದರೂ ಕೇಳಲೇಬೇಕು, ಬೀಜ ಕಂಡದ್ದು ಒಂದು, ಮನುಷ್ಯ ಹೇಳಿದ್ದು ಇನ್ನೊಂದು ಆದರೆ ಮನುಷ್ಯನ ಮಾತನ್ನೇ ನಂಬಬೇಕು. ಮೈ ಯಾರದೋ ಮಾತೂ ಅವರದೇ ಎಂದು ನಮ್ಮ ತಾಯಂದಿರ ಕಾಲದ ರೋಗಿಗಳು ಹೋರಾಡಿ ತಂದ ಕಾಯಿದೆ ಇದು. ಒಳ್ಳೆಯ ಕಾಯಿದೆ; ಆದದ್ದೆಲ್ಲ ಆದ ಮೇಲೂ ನಾನು ಅದರ ಪರವೇ.

ಮೊದಲು ಆ ಕೇಳುದನಿ ಬೆಂಗಳೂರಿನ ಮಾತಿನಲ್ಲಿ ಕೇಳುತ್ತಿತ್ತು. ನಮ್ಮವರಿಗೆ ಅದು ದಿನಾ ಮುಂಜಾನೆ ಪರೀಕ್ಷೆಗೆ ಕುಳಿತ ಹಾಗೆ. ನಮ್ಮ ಮಾತಿನದು ಬೇಕೆಂದು ಊರವರೇ ಹಟ ಹಿಡಿದು ಈ ಬೇಸಿಗೆಯಲ್ಲಿ ಬದಲಾಯಿಸಿಕೊಂಡರು. ಹೊಸದಾಗಿ ಬಂದ ದನಿ ಯಾರದು ಗೊತ್ತೇ? ನಿಮ್ಮ ಕಸ್ತೂರಿಯದು. ಅವಳ ಮುಂದಿನ ಬಾಳನ್ನೆಲ್ಲ ಬರೆಯಲು ಹಿಂದಂಚೆಯವರು ಬಿಡುವುದಿಲ್ಲ. ತುಂಬು ಬಾಳು ಬಾಳಿದಳು, ದವಾಖಾನೆಯ ಯಂತ್ರಗಳಿಗೆ ನಮ್ಮ ಸೀಮೆಯ ಮಾತು ಕಲಿಸುವ ಕೆಲಸ ಮಾಡಿದಳು, ತನ್ನ ದನಿಯನ್ನೂ ಅದಕ್ಕೆ ಕೊಟ್ಟಳು ಎಂದಷ್ಟು ಹೇಳಬಹುದು. ಹೀಗಾಗಿ ಎಷ್ಟೋ ವರ್ಷದ ಮೇಲೆ ನನ್ನ ಅಜ್ಜಿ ದಿನಾ ನಮ್ಮ ಅಡುಗೆಮನೆಗೆ ಬರತೊಡಗಿದಳು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. "ಗುರುಪಾದಪ್ಪಾ, ನಿದ್ದಿ ಬಂತೇನಪಾ? ಕೈ ಆಡತೈತೇನು?" ಇವರು ಎದ್ದು ಕುಳಿತು, ಹೆಣ್ಣು ಕೊಟ್ಟ ಮನೆಯ ಹಿರಿಯಳ ಮುಂದೆ ಕುಳಿತ ಅಳಿಯನ ಹಾಗೆ, "ಆಡತೈತ್ರಿ, ಭಾರಿ ಆಡತೈತಿ" ಎನ್ನುತ್ತಿದ್ದರು.

ಶ್ರಾವಣದಿಂದ ಅವರ ಮಾತು ಇಳಿಯತೊಡಗಿತು. ಮೊದಲು ಮಾತಿನ ಬಾಲ ಹೋಯಿತು. ಸಾಲಿನ ಕೊನೆಯ ಶಬ್ದ ಕೇಳುತ್ತಿರಲಿಲ್ಲ. ಆಮೇಲೆ ಕಂಬಳಿಯೊಳಗಿಂದ ಮಾತಾಡಿದ ಹಾಗೆ. ಹೊಸ್ತಿಲು ಬಂತೆಂದರೆ ಕಾಲು ನಿಂತುಬಿಡುತ್ತಿತ್ತು. ಕೈ ಮಾತ್ರ ಕಲ್ಲಿನಲ್ಲಿ ಕಡೆದಂತೆ ಅಲುಗದೆ ಇರುತ್ತಿತ್ತು. ರೋಗ ಬೆಳೆಯಿತು, ಬಾಯಿಯನ್ನೂ ಹಿಡಿಯಿತು ಎಂದು ನಾವು ತಿಳಿದುಕೊಂಡೆವು. ನೋಡಿದವರೂ ಹಾಗೆಯೇ ಹೇಳಿದರು. ದೀಪಾವಳಿ ಪಾಡ್ಯಕ್ಕೆ ಹೊಸ ಬೆಲ್ಲದ ಮೊದಲ ಸವಾಲು. ಅದಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಪೇಟೆಗೆ ಹೇಳಿ ಕಳಿಸಲು ನನ್ನನ್ನು ಕರೆದರು. "ಬೆಲ್ಲಾ ಮಾರಾವಂಗ ಬಾಯಿ ಬೇಕು. ಬಾಯಿ ಇಲ್ಲದಾಂವ ಮನ್ಯಾಗ ಕುಂದರಬೇಕು" ಎಂದರು. ಅಷ್ಟು ಕೇಳಿಸಿಕೊಳ್ಳಲು ನಾನು ಅವರ ತುಟಿಗೆ ಕಿವಿ ಹಚ್ಚಬೇಕಾಯಿತು. "ನೀವು ಬಾಯಿ ಇಲ್ಲದ ಮನ್ಯಾಗ ಕುಂತ್ರ ನನ್ನ ಕೂಡ ಜಗಳ ಯಾರು ಆಡ್ತಾರ?" ಎಂದೆ. ನಗಲು ನೋಡಿದರು, ಮುಖ ಅವರ ಮಾತು ಕೇಳಲಿಲ್ಲ. ನಾನು ಪೇಟೆಗೆ ಏನನ್ನೂ ಹೇಳಿ ಕಳಿಸಲಿಲ್ಲ. ಹದಗಾರ್ತಿಗೆ ಹೇಳಿ ಕಳಿಸಿದೆ: ದೂರದಿಂದ ನೋಡಿದ್ದು ಸಾಕು, ಮನೆಗೆ ಬಾ.

ನಮ್ಮ ಹದಗಾರ್ತಿ ನಂಜಮಣಿ ಕೊಳ್ಳೇಗಾಲದ ಕಡೆಯವಳು. ನಮ್ಮ ಊರಿಗೆ ಹೊಸಬಳು. ಮುಂಜಾನೆಯ ವಿಚಾರಣೆಗೆ ಮುಂಚೆಯೇ ಬಂದು, ಅಂಗೈಯಗಲದ ತೋರುಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇವರ ಎದುರು ಕುಳಿತಳು. ಕೇಳುದನಿ ಎಂದಿನಂತೆ ಕೈ ಆಡುತ್ತದೆಯೇ ಎಂದು ಕೇಳಿತು. ಇವರು ಎಂದಿನಂತೆ ಭಾರಿ ಆಡುತ್ತದೆ ಎಂದರು. ಹಲಗೆಯ ಮೇಲೆ ಬಿರುಸಿನ ಗೆರೆ ಒಂದು ಕೂದಲೆಳೆ ಮೇಲೇರಿದ್ದನ್ನು ನಂಜಮಣಿ ನೋಡಿದಳು, ತಲೆ ಎತ್ತಿ ಇವರ ಕೈ ನೋಡಿದಳು. "ಅಲ್ಲ ತಾತ, ಕೈ ಒಳ್ಳೆ ಮಗು ಮಲಗ್ದಂಗೆ ಮಲಗದೆ. ಯಾಕೆ ಸುಳ್ ಹೇಳೀರಿ?" ಎಂದಳು. ಇವರಿಗೆ ಸಿಟ್ಟು ಬಂತು. ಇದ್ದಷ್ಟು ದನಿ ಒಟ್ಟು ಮಾಡಿ, "ನಾ ಯಾಕ ಸುಳ್ಳ ಹೇಳ್ಲಿ ತಂಗಿ? ಎತ್ತಂದ್ರ ಎತ್ತತೈತಿ, ಇಳಿಸಂದ್ರ ಇಳಿಸತೈತಿ. ಆಡತೈತೋ ಇಲ್ಲೋ ನೀನ ಹೇಳು" ಎಂದು ಕೈಯನ್ನು ಅವಳ ಮೂಗಿನ ಮುಂದೆ ಎತ್ತಿ ಇಳಿಸಿದರು. "ಆಡೋದು ಅಂದ್ರೆ ನಡುಗೋದು ಅಂತ ತಾನೆ ಇದ್ರಲ್ಲಿ ಇರೋದು?" ಎಂದಳು ಅವಳು ಹಲಗೆ ತೋರಿಸುತ್ತ. "ನಡಗೂದು ನಡಗೂದು, ಆಡೂದು ಆಡೂದು. ಹುಚ್ಚ ಹುಡುಗಿ ಅದಿ" ಎಂದರು ಇವರು. ನಂಜಮಣಿ ಹಣೆಗೆ ಕೈ ಹಚ್ಚಿ ಕುಳಿತಳು. "ಶಿವನೆ. ನೀವು ದಿನಾ ಎದ್ದು ಚೆನ್ನಾಗಿದೀನಿ ಅಂತೀರಿ. ಅದು ಪಾಪ, ತಾತ ನಡುಗ್ತಾವ್ರೆ ಅನ್ಕೊಂಡು ಒಂದೊಂದು ಮಿಳ್ಳೆ ಜಾಸ್ತಿ ಬಿಡ್ತದೆ. ಗಡಿ ಮುಟ್ಟಿತು ಅಂತ ನನಗೆ ಸುದ್ದಿ ಬಂತು, ನಡುಕ ನಿಂತಿಲ್ವಂತೆ ಅಂತ ನಾನೂ ಎರಡ್ ಸಲ ಗಡಿ ಸರ್ಸಿದೆ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಆ ಮಾತು ಎಲ್ಲಿಂದ ಬಂತೆಂದು ಹೊಳೆಯಿತು. ಬಾಳವ್ವ ಆಯಿ, ನನಗದು ಕಥೆ, ನಿಮಗೆ ಈಚಿನ ಸಂಗತಿ. ನಿಮ್ಮ ಕೈ ನಡುಗುವುದನ್ನು ಮೊದಲ ಸಲ ಕಂಡ ಕಸ್ತೂರಿ ಹೆದರಿ ಅತ್ತಳಂತೆ. ಆಗ ನೀವು, "ಅಳಬ್ಯಾಡ, ಅದು ಆಡಾಕತ್ತೈತಿ. ಕೈಗೂ ಆಡೂ ಹುಕಿ ಬಂದೈತಿ" ಎಂದಿರಂತೆ. ಅವಳು ಕಣ್ಣೊರೆಸಿಕೊಂಡು ತನ್ನ ಕೈಯನ್ನು ನಿಮ್ಮ ಕೈಯೊಳಗೆ ಇಟ್ಟು, ಅದರೊಡನೆ ತಾನೂ ಕುಣಿಸಿ ನಕ್ಕಳಂತೆ. ಅಂದಿನಿಂದ ನಿಮ್ಮ ಮನೆಯಲ್ಲಿ ನಡುಕಕ್ಕೆ ಆಡುವುದು ಎಂದೇ ಹೆಸರು. ಮಗುವಿನ ಅಂಜಿಕೆ ಬಿಡಿಸಲು ಆಡಿದ ಆ ಮಾತನ್ನೇ ಅವಳು ದೊಡ್ಡವಳಾಗಿ ಯಂತ್ರಕ್ಕೂ ಕಲಿಸಿದಳು. ಅದು ಊರಿಗೆಲ್ಲ ಇರುವ ಮಾತಲ್ಲ, ತನ್ನ ಆಯಿಯ ಮಾತು ಎಂದು ಅವಳಿಗೆ ಅನಿಸಿಯೇ ಇರಲಿಕ್ಕಿಲ್ಲ. ಕಾಯಿದೆ ಒಳ್ಳೆಯದು, ದನಿ ಒಳ್ಳೆಯದು, ಮಾತು ಪ್ರೀತಿಯದು. ಇವು ಮೂರೂ ಸೇರಿ ಒಬ್ಬ ಸವಾಲಿನವನ ಬಾಯಿ ಕಟ್ಟಿದ್ದವು.

ನಂಜಮಣಿ ಅಂದೇ ಬಿರುಸು ಇಳಿಸಿದಳು, ವೇಗವನ್ನೂ ತುಸು ಬದಲಿಸಿದಳು. ಇಳಿಸಿದ ಕೂಡಲೇ ಎಡಗೈ ನಡುಗತೊಡಗಿತು. ಬಾಯಿ ಮಾತ್ರ ಬರಲಿಲ್ಲ. ಇವರು ಗಾಬರಿಯಾಗಿ ಪಿಸುದನಿಯಲ್ಲೇ, "ಇದ್ದ ಕೈನೂ ಹೋತಲ್ಲ, ಮೊದಲಿನಂಗ ಮಾಡು" ಎಂದು ಅವಳ ಹಲಗೆಗೆ ಕೈ ಹಾಕಲು ಹೋದರು. "ನಡುಕ ಅನ್ನೋದು ಬಾಗ್ಲಲ್ಲೇ ಕೂತಿರ್ತದೆ ತಾತ, ಕರೆದ ತಕ್ಷಣ ಬತ್ತದೆ. ಮಾತು, ನಡಿಗೆ ಊರಾಚೆಯಿಂದ ಬರ್ಬೇಕು. ಕಾಯಿರಿ" ಎಂದು ಹೇಳಿ ಹೋದಳು. ಕಾದೆವು. ಹಬ್ಬದ ಸಾಮಾನು ಬಂತು, ಆಕಾಶಬುಟ್ಟಿ ಕಟ್ಟಿದೆವು, ಇವರ ತುಟಿ ಅಲುಗುತ್ತಿತ್ತೇ ಹೊರತು ಮಾತು ಹೊರಗೆ ಬೀಳುತ್ತಿರಲಿಲ್ಲ. ನನಗೂ ಒಳಗೊಳಗೆ ಸಂದೇಹ ಬಂತು. ಇದು ಮಾತಿನ ತಪ್ಪಲ್ಲ, ರೋಗವೇ ಇರಬಹುದು ಎಂದು. ನೀರು ತುಂಬುವ ಹಬ್ಬದ ಮುಂಜಾನೆ ನಾನು ಹಿತ್ತಲಲ್ಲಿ ಹಂಡೆ ತೊಳೆಯುತ್ತಿದ್ದಾಗ ಪಡಸಾಲೆಯಿಂದ ದನಿ ಬಂತು: "ಏ ತಂಗೆವ್ವಾ, ಈ ಚಾ ಆರಿ ನೀರಾಗೇತಿ, ಎಮ್ಮಿಗೆ ಕುಡಿಸ್ತೀ ಏನು?" ಎಷ್ಟೋ ವರ್ಷದಿಂದ ಕೇಳಿ ಬೇಸತ್ತ ಬೈಗುಳ. ನಾನು ಹಂಡೆಯನ್ನು ಅಲ್ಲೇ ಬಿಟ್ಟು ಹೋಗಿ, ಇನ್ನೊಮ್ಮೆ ಬೈಯಿರಿ ಎಂದೆ. ಬೈದರು. ಸಾಲಿನ ಕೊನೆಯ ಶಬ್ದವೂ ಕೇಳಿತು.

ಪಾಡ್ಯದ ನಸುಕಿನಲ್ಲಿ ಅವರೇ ಸವಾಲು ಕೂಗಿದರು. ದನಿ ಹಿಂದಿನಷ್ಟು ಇಲ್ಲ, ಮುಕ್ಕಾಲು ಪಾಲು ಇದೆ. ಕಾಲು ಸಾಲಿನ ಕೊನೆಯಲ್ಲಿ ತಿರುಗುವಾಗ ತಡವರಿಸುತ್ತದೆ. ಎಡಗೈ ನಡುಗುತ್ತದೆ, ಅದನ್ನು ಪೂರ್ತಿ ನಿಲ್ಲಿಸುವ ಹದ ಉಂಟು, ಬೇಡವೆಂದವರು ಅವರೇ. ಕೂಗುತ್ತಿದ್ದಾಗ ಒಬ್ಬ ವ್ಯಾಪಾರಿ, "ಗುರುಪಾದಪ್ಪ ಕಾಕಾ, ಆ ಕೈ ಬೀಸಿ ಯಾರನ್ನ ಕರಿಯಾಕತ್ತೀರಿ?" ಎಂದು ಕೆಣಕಿದ. "ಬೆಲ್ಲದ ಮ್ಯಾಲಿನ ನೊಣಾ ಹೊಡಿಯಾಕತ್ತೀನಿ. ನೀನೂ ಹಾರಿ ಹೋಗೂದರಾಗ ಸವಾಲು ಏರಸು" ಎಂದರು. ಪೇಟೆಯೆಲ್ಲ ನಕ್ಕಿತು. ಆ ವ್ಯಾಪಾರಿ ಏರಿಸಿದ.

ಇನ್ನು ನಾನು ಬರೆಯಲು ಕುಳಿತ ಕಾರಣ. ಆಯಿ, ನಿಮಗೆ ಹದ ಕೂಡಿಸುವುದು ಈಗಷ್ಟೇ ಶುರುವಾಗಿದೆ. ಡಾಕ್ಟರು ಹೇಗಿದ್ದೀರಿ ಎಂದರೆ ನೀವು ಸೆರಗು ಸರಿಮಾಡಿಕೊಂಡು "ಆರಾಮ ಅದೀನ್ರಿ" ಎನ್ನುತ್ತಿದ್ದಿರಂತೆ. ಕಸ್ತೂರಿ ಹೇಳಿ ನಗುತ್ತಿದ್ದಳು. ದೊಡ್ಡವರ ಮುಂದೆ ಬೇನೆ ಹೇಳಿಕೊಳ್ಳಬಾರದೆಂಬ ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಆರಾಮ ಎಂಬ ಒಂದು ಶಬ್ದದಿಂದ ಯಾರೂ ಹದ ಹಿಡಿಯಲಾರರು. ಕೈಯ ಮಾತು ಬೇರೆ ಹೇಳಿ, ಕಾಲಿನದು ಬೇರೆ, ನಾಲಿಗೆಯದು ಬೇರೆ. ಗುಳಿಗೆ ತೆಗೆದುಕೊಳ್ಳುವ ಮುಂಚೆ ಹೇಗೆ, ಆಮೇಲೆ ಹೇಗೆ ಎಂದು ಹೇಳಿ. ಹದ ಬದಲಿಸಿದ ದಿನ ಕೈ ನಿಂತಿತೆಂದು ದವಾಖಾನೆಯ ಬಾಗಿಲಲ್ಲೇ ಎಲ್ಲ ಸರಿಹೋಯಿತು ಎನ್ನಬೇಡಿ. ನಡಿಗೆ, ಮಾತು ಏನನ್ನುತ್ತವೆ ಎಂದು ಕೆಲವು ದಿನ ನೋಡಿ. ಕೆಟ್ಟರೆ ಮತ್ತೆ ಹೋಗಿ ಡಾಕ್ಟರಿಗೇ ಹೇಳಿ, ಸಹಿಸಿಕೊಂಡು ಕೂರಬೇಡಿ. ಎಲ್ಲಕ್ಕಿಂತ ಮೊದಲು, ನಿಮಗೆ ಯಾವುದು ಬೇಕೆಂದು ಹೇಳಿ. ಕೈ ಅಲುಗದೆ ಇರುವುದು ಬೇಕೋ, ಹಿತ್ತಲ ತನಕ ಒಬ್ಬರೇ ನಡೆದು ಹೋಗುವುದು ಬೇಕೋ, ಸೊಸೆಯನ್ನು ಗಟ್ಟಿಯಾಗಿ ಕರೆಯುವುದು ಬೇಕೋ, ಅದು ಯಾವ ಹಲಗೆಯ ಮೇಲೂ ಕಾಣುವುದಿಲ್ಲ. ನಿಮ್ಮ ಬಾಯಿಂದಲೇ ಬರಬೇಕು.

ಕಸ್ತೂರಿಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾನು ಕೇಳುವುದಿಲ್ಲ. ಅವಳ ಕೈಯನ್ನು ನಿಮ್ಮ ಕೈಯಲ್ಲಿ ಆಡಿಸಿರಿ. ಸ್ವಲ್ಪ ದೊಡ್ಡವಳಾದ ಮೇಲೆ, ಇದಕ್ಕೆ ಹೊರಗಿನವರು ನಡುಕ ಎನ್ನುತ್ತಾರೆ, ಆಡುವುದು ಎನ್ನುವುದು ನಮ್ಮಿಬ್ಬರ ಮಾತು ಎಂದು ಒಮ್ಮೆ ಕಿವಿಯಲ್ಲಿ ಹೇಳಿ, ಸಾಕು. ಇನ್ನು ನಮ್ಮ ಕಡೆಯ ಕೆಲಸ ಒಂದಿದೆ. ನಂಜಮಣಿ ಈಗ ಕೇಳುದನಿಗೆ ಮಾತುಗಳನ್ನು ಹೊಸದಾಗಿ ಕೂಡಿಸುತ್ತಿದ್ದಾಳೆ, ಒಬ್ಬರ ಮನೆಯದಲ್ಲ, ಹತ್ತಾರು ಮನೆಯವು. ನಾನೂ ಅವಳ ಹಿಂದೆ ಓಣಿ ಓಣಿ ತಿರುಗುತ್ತೇನೆ. ನಡೆಯುತ್ತಾ ನಡೆಯುತ್ತಾ ಕಾಲು ತಟ್ಟನೆ ನಿಂತುಬಿಡುವುದಕ್ಕೆ ಒಬ್ಬರು ಅಂಟಿತು ಎನ್ನುತ್ತಾರೆ, ಒಬ್ಬರು ನೆಲ ಹಿಡಿಯಿತು ಎನ್ನುತ್ತಾರೆ, ಮೇಲಿನ ಓಣಿಯ ಮುದುಕಿಯೊಬ್ಬಳು ಕಾಲು ಮುನಿಸಿಕೊಂಡವು ಎಂದಳು. ನಿಮ್ಮ ಕಾಲಿಗೆ ಹಾಗಾದಾಗ ನೀವು ಏನೆನ್ನುತ್ತೀರಿ? ಡಾಕ್ಟರ ಮುಂದೆ ಹೇಳುವ ಮಾತು ಬೇಡ, ಒಳಗಿನಿಂದ ಸುಮಿತ್ರಾಳನ್ನು ಕೂಗಿ ಹೇಳುವ ಮಾತು ಬೇಕು. ಗುಳಿಗೆಯ ಬಲ ಇಳಿಯುವುದಕ್ಕೆ, ಮೈ ಬಿಗಿಯುವುದಕ್ಕೆ, ಮಾತು ಬಾಯಲ್ಲೇ ಉಳಿಯುವುದಕ್ಕೆ ಏನೇನು ಅನ್ನುತ್ತೀರೋ ಅದೆಲ್ಲವೂ ಬೇಕು. ಈ ಸಲ ಪಕ್ಕದಲ್ಲಿ ಅರ್ಥವನ್ನೂ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ ಆಯಿ. ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಇರುವೆಯಷ್ಟು ಸಣ್ಣದಾದರೂ ಚಿಂತೆಯಿಲ್ಲ, ನಾನು ಕೂಡಿಸಿಕೊಂಡು ಓದುತ್ತೇನೆ. ಬೇಗ ಬರೆಯಿರಿ.

ನಿಮ್ಮ
ತಂಗೆವ್ವ